ಆರನೆಯ ಹಾಡಿನ ಉಸಿರು

ಸಿಯಾಂತಾರ್, 4 ಫೆಬ್ರವರಿ 2024

ಮನಹಾನ್,

ನಾನು ಲಾಮ್ರಿಯಾ. ಸಿನಾಗಾ ಮನೆತನದ ಹಿರಿಯ ಮಗಳು, ತಂಪುಬೋಲೋನ್ ಮನೆತನದ ಹಿರಿಯ ಸೊಸೆ, ಸಬುಂಗನ್‌ನ ವಿಧವೆ, ನಿನ್ನ ಅಕ್ಕ. ಐದು ವರ್ಷಗಳಿಂದ ನಮ್ಮ ನಡುವೆ ಕಾಗದವಿಲ್ಲ. ಆದ್ದರಿಂದ ಬರೆಯುತ್ತಿರುವವಳು ಯಾರೆಂದು ಮೊದಲೇ ತಿಳಿಸಿದ್ದೇನೆ. ಈ ಊರಿನಲ್ಲಿ ಈಗ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ನಾನು ಓಪ್ಪು ಮುತಿಹಾ, ಮುತಿಹಾಳ ಅಜ್ಜಿ. ಕುಲದಲ್ಲಿ ಮದುವೆಯ ದಿನ ಇಡುವ ಮೊದಲು ನನ್ನ ಕಾಫಿ ಅಂಗಡಿಗೆ ಬಂದು, ಒಂದು ಲೋಟ ಕುಡಿದು, ನನ್ನ ಮುಖ ನೋಡುತ್ತಾರೆ. ನಾನು ತಲೆಯಾಡಿಸಿದರೆ ಮದುವೆ.

ವಿಷಯಕ್ಕೆ ಬರುತ್ತೇನೆ. ಜಕಾರ್ತಾದ ಕಂಪನಿಯವರು ನಿಮ್ಮ ಮೂವರ ರಾಕ್ ಆಲ್ಬಂ ಅನ್ನು ಮೂಲ ಟೇಪಿನಿಂದ ಹೊಸದಾಗಿ ಶುದ್ಧಗೊಳಿಸಿ ಹೊರತರುತ್ತಾರಂತೆ. ಒಲೆಗೆ ಮೂರು ಕಲ್ಲು ಎಂದು ನನ್ನ ಗಂಡ, ಅವನ ತಮ್ಮ ಲೋಕೋತ್, ನೀನು ಸೇರಿ ತುಂಗ್ಕು ತಿಗಾ ಎಂದು ಹೆಸರಿಟ್ಟುಕೊಂಡಿರಿ. ಈಗ ಎರಡು ಕಲ್ಲು ಮಣ್ಣಿನಲ್ಲಿವೆ. ಮೂರನೆಯದು ರಾಟರ್‌ಡ್ಯಾಮಿನಲ್ಲಿ ಕುಳಿತು, ಟೇಪನ್ನು ಕಂಪನಿಗೆ ಕಳುಹಿಸಿಯೂ, ಎಂಟು ಹಾಡುಗಳಲ್ಲಿ ಏಳನ್ನು ಮಾತ್ರ ಕೊಡುತ್ತೇನೆ, ಆರನೆಯದನ್ನು ಕೊಡುವುದಿಲ್ಲ ಎನ್ನುತ್ತಿದೆಯಂತೆ.

ಆರನೆಯ ಹಾಡು ಯಾವುದೆಂದು ನಿನಗೂ ಗೊತ್ತು. ಸಬುಂಗನ್‌ನನ್ನು ಸಿಯಾಂತಾರದ ಕಂಠ ಎಂದು ಜನ ಕರೆದದ್ದೇ ಆ ಹಾಡಿನಿಂದ. 1976ರಲ್ಲಿ ಹಡಗು ಹತ್ತುವಾಗ ನೀನು ಮೂಲ ಟೇಪನ್ನು ಕದ್ದುಕೊಂಡು ಹೋದೆ. ನಾನು ಕೇಳಲಿಲ್ಲ. ನನ್ನ ಗಂಡ ಸತ್ತಾಗ ವಿಧವೆಯ ಶಾಲನ್ನು ನನ್ನ ಹೆಗಲಿಗೆ ಹೊದಿಸಬೇಕಾದವನು ನೀನು, ತವರಿನ ಗಂಡುಮಗ. ನೀನು ಬರಲಿಲ್ಲ. ತಾರುತುಂಗ್‌ನಿಂದ ದಾಯಾದಿಯೊಬ್ಬನನ್ನು ಕರೆಸಿ ಹೊದಿಸಿಕೊಂಡೆ. ಅವನ ಕೈಗೆ ಸಿಗರೇಟಿನ ವಾಸನೆಯಿತ್ತು. ನೀನೇಕೆ ಬರಲಿಲ್ಲ ಎಂದೂ ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ: ಸತ್ತವನ ಮೇಲೆ ನಿನಗೇನು ಹಗೆ?

ಫೋನ್ ಮಾಡಬೇಡ. ಫೋನಿನಲ್ಲಿ ಹೇಳಿದ್ದನ್ನು ಜನ ನಾಳೆ ಹೇಳಲೇ ಇಲ್ಲ ಎನ್ನುತ್ತಾರೆ. ಕಾಗದ ಬರೆ.

ಲಾಮ್ರಿಯಾ

*

ರಾಟರ್‌ಡ್ಯಾಮ್, 27 ಫೆಬ್ರವರಿ 2024

ಪ್ರೀತಿಯ ಅಕ್ಕ,

ನಿನ್ನ ಕೈಬರಹ ನೋಡಿ ಲಕೋಟೆಯನ್ನು ಬಹಳ ಹೊತ್ತು ಒಡೆಯಲಿಲ್ಲ. ಅಕ್ಷರ ಇನ್ನೂ ಅಪ್ಪನದರಂತೆಯೇ ನೆಟ್ಟಗೆ ನಿಂತಿದೆ.

ಹಗೆ ಏನೂ ಇಲ್ಲ. ಆರನೆಯ ಹಾಡಿನ ಜಾಗದಲ್ಲಿ ಟೇಪಿಗೆ ಬೂಷ್ಟು ಹಿಡಿದಿದೆ. ಇಲ್ಲಿಯ ತೇವ ನಿನಗೆ ಗೊತ್ತಿಲ್ಲ. ಕೆಟ್ಟ ಹಾಡನ್ನು ಹೊರಡಿಸುವುದಕ್ಕಿಂತ ಬಿಡುವುದೇ ಸಬುಂಗನ್‌ಗೆ ಮರ್ಯಾದೆ ಎಂದುಕೊಂಡೆ. ಏಳು ಹಾಡುಗಳೂ ಚೆನ್ನಾಗಿವೆ. ಲೋಕೋತ್‌ನ ಬಾಸ್ ಗಿಟಾರು ಈಗ ಕೋಣೆಯ ನೆಲವನ್ನೇ ನಡುಗಿಸುತ್ತದೆ. ಪಾಪ, ಬದುಕಿದ್ದಾಗ ಅವನು ನುಡಿಸಿದ್ದು ಯಾರಿಗೂ ಕೇಳಿಸುತ್ತಲೇ ಇರಲಿಲ್ಲ.

ಶವಸಂಸ್ಕಾರದ ವೇಳೆಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿತ್ತು. ಬರೆದಿದ್ದೆನಲ್ಲ.

ನನ್ನ ಸೋದರಳಿಯ ಹಿಸಾರ್, ಮುತಿಹಾ ಎಲ್ಲರಿಗೂ ನನ್ನ ಆಶೀರ್ವಾದ.

ನಿನ್ನ ತಮ್ಮ,
ಮನಹಾನ್

*

ಸಿಯಾಂತಾರ್, 24 ಮಾರ್ಚ್ 2024

ಮನಹಾನ್,

ಚಿಕ್ಕವನಿದ್ದಾಗಲೂ ನಿನಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮುತಿಹಾ ಜಕಾರ್ತಾದ ಎಂಜಿನಿಯರನಿಗೆ ಫೋನ್ ಮಾಡಿದಳು. ಟೇಪಿನಲ್ಲಿ ಬೂಷ್ಟಿಲ್ಲ. ಆರನೆಯ ಹಾಡು ಎಲ್ಲಕ್ಕಿಂತ ಸ್ವಚ್ಛವಾಗಿದೆ ಎಂದು ಆತ ಹೇಳಿದ. ಕೇಳಿದ ಕೂಡಲೇ ಎಂಟು ಹಾಡುಗಳನ್ನೂ ಕಳುಹಿಸಿದ.

ನನ್ನ ಅಂಗಡಿ ಈಗ ಹೇಗಿದೆ ಎಂದು ನಿನಗೆ ತಿಳಿಯದು. ಭಾನುವಾರ ಚರ್ಚು ಬಿಟ್ಟ ಮೇಲೆ ಊರಿನ ಹಳೆಯ ರಾಕ್ ಹುಚ್ಚರೆಲ್ಲ ಮುತಿಹಾ ತಂದಿಟ್ಟಿರುವ ಸ್ಪೀಕರ್ ಪೆಟ್ಟಿಗೆಯ ಸುತ್ತ ಕೂರುತ್ತಾರೆ. ಐವತ್ತು ವರ್ಷದ ಹಿಂದಿನ ಇಂಗ್ಲಿಷರ ಹಾಡು, ನಮ್ಮವರ ಹಾಡು, ಎಲ್ಲವನ್ನೂ ಹೊಸದಾಗಿ ತೊಳೆದದ್ದು. ಫೋನಿಗೆ ಬರುವ ಹಾಡಿಗೂ ಇದಕ್ಕೂ ಏನು ಭೇದ ಎಂದು ಒಮ್ಮೆ ಕೇಳಿದ್ದೆ. "ಅಜ್ಜಿ, ಅದ್ರಲ್ಲಿ ಜಾಗ ಉಳಿಸೋಕೆ ಸಣ್ಣ ಸಣ್ಣ ಸದ್ದೆಲ್ಲಾ ಎಸೆದುಬಿಟ್ಟಿರ್ತಾರೆ. ಇದ್ರಲ್ಲಿ ಒಂದು ಚೂರೂ ಎಸೆದಿಲ್ಲ," ಎಂದಳು. ಮನೆಯನ್ನು ಹಾಗೆ ನಡೆಸಿದವಳು ನಾನು. ನನಗೆ ಅರ್ಥವಾಯಿತು.

ಕಳೆದ ಭಾನುವಾರ ನಿಮ್ಮ ಆಲ್ಬಂ ಹಾಕಿಸಿದೆ. ಮೊದಲ ಐದು ಹಾಡಿಗೆ ಗಂಡಸರು ಕಾಫಿ ಆರಲು ಬಿಟ್ಟು ಕುಳಿತಿದ್ದರು. ಮೋಟಾರು ರಿಕ್ಷಾ ಓಡಿಸುವ ಮುದುಕ ಜಾಲಿನ್ ಹೇಳಿದ: "ಓಪ್ಪು, ಹಳೇ ಕ್ಯಾಸೆಟ್ ಕೇಳೋದು ಅಂದ್ರೆ ಸರೋವರದ ತಳದಲ್ಲಿ ಕೂತು ದಡದೋರ ಮಾತು ಕೇಳಿದ ಹಾಗಿತ್ತು. ಇವತ್ತು ತಲೆ ಮೇಲೆತ್ತಿದ್ವಿ." ನಿನ್ನ ಡ್ರಮ್ಮಿನ ಬಗ್ಗೆಯೂ ಒಳ್ಳೆಯ ಮಾತಾಡಿದರು. ನಾನು ಆಡಲಿಲ್ಲ.

ಆಮೇಲೆ ಆರನೆಯದು. ಅದು ನನ್ನ ಗಂಡನ ಧ್ವನಿಯೇ? ಅವನ ಎದೆಯ ಭಾರವೆಲ್ಲ ಎಲ್ಲಿ ಹೋಯಿತು? ತೆಳ್ಳಗೆ, ಎತ್ತರಕ್ಕೆ, ಮೀಸೆ ಮೂಡದವನಂತೆ ಕೇಳಿಸಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಸಾರ್ ಎದ್ದು ಪೆಟ್ಟಿಗೆ ನಿಲ್ಲಿಸಿದ. ಅವನು ಈ ವರ್ಷ ಕುಲಸಂಘದ ಅಧ್ಯಕ್ಷತೆಗೆ ನಿಂತಿದ್ದಾನೆ. ಅಕ್ಟೋಬರಿನ ಸಭೆಯಲ್ಲಿ ಅಪ್ಪನ ಈ ಹಾಡನ್ನೇ ಹಾಕಿಸಿ ಮಾತು ಶುರು ಮಾಡಬೇಕೆಂದಿದ್ದಾನೆ. ಅವನು ಎಲ್ಲರ ಮುಂದೆ ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: "ಮಾವ ಹೊಟ್ಟೆಕಿಚ್ಚಿಗೆ ಅಪ್ಪನ ಗಂಟಲು ಹಿಸುಕಿ ಕಳಿಸಿದ್ದಾನೆ."

ನಾನು ಅವನನ್ನು ಗದರಲಿಲ್ಲ. ನೀನು ಮೊದಲು ಹಾಡು ಕೊಡುವುದಿಲ್ಲ ಎಂದೆ. ಆಮೇಲೆ ಬೂಷ್ಟು ಎಂದೆ. ಎರಡೂ ನಡೆಯದೆ ಇದನ್ನು ಮಾಡಿಸಿದೆ. ಧ್ವನಿ ಮೊದಲಿನಂತೆ ಆಗಬೇಕು. ಇಲ್ಲವಾದರೆ ನಿನ್ನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತದಂತೆ ನೋಡಿಕೊಳ್ಳುತ್ತೇನೆ. ಅದು ನನ್ನಿಂದ ಆಗುತ್ತದೆ ಎಂದು ನಿನಗೆ ಗೊತ್ತು.

ಲಾಮ್ರಿಯಾ

*

ರಾಟರ್‌ಡ್ಯಾಮ್, 16 ಏಪ್ರಿಲ್ 2024

ಪ್ರೀತಿಯ ಅಕ್ಕ,

ನೀನು ಹೇಳಿದ್ದು ಸರಿ, ಬೂಷ್ಟಿನ ಮಾತು ಸುಳ್ಳು. ಕ್ಷಮಿಸು.

ಧ್ವನಿ ತೆಳ್ಳಗಾಗಲು ಕಾರಣವಿದೆ. 1975ರಲ್ಲಿ ಮೇದಾನ್ ನಗರದ ಸ್ಟುಡಿಯೋದಲ್ಲಿ ಆ ಹಾಡನ್ನು ಕ್ಯಾಸೆಟ್ಟಿಗೆ ಇಳಿಸುವಾಗ ಟೇಪನ್ನು ಸ್ವಲ್ಪ ನಿಧಾನವಾಗಿ ಓಡಿಸಿದ್ದರು. ನಿಧಾನ ಓಡಿಸಿದರೆ ಕಂಠ ಭಾರವಾಗುತ್ತದೆ. ಆಗ ಎಲ್ಲರೂ ಮಾಡುತ್ತಿದ್ದ ಉಪಾಯ ಅದು. ಜಕಾರ್ತಾದ ಎಂಜಿನಿಯರ್ ಎಳೆಯ ವಯಸ್ಸಿನವನು, ಕಿವಿ ಚುರುಕು. ಟೇಪಿನ ನಿಜವಾದ ವೇಗವನ್ನು ಕಂಡುಹಿಡಿದು ಹಾಗೆಯೇ ಓಡಿಸಿದ್ದಾನೆ. ಮತ್ತೆ ನಿಧಾನ ಮಾಡು ಎಂದು ಅವನಿಗೆ ಬರೆದಿದ್ದೇನೆ. ಊರವರು ಕೇಳಿಕೊಂಡು ಬಂದ ಹಾಡೇ ಊರವರಿಗೆ ಸಿಗಲಿ.

ಆರನೆಯ ಹಾಡನ್ನೂ ಸೇರಿಸಿ ನನ್ನ ಒಪ್ಪಿಗೆಗೆ ಸಹಿ ಹಾಕಿ ಕಂಪನಿಗೆ ಕಳುಹಿಸಿದ್ದೇನೆ. ಯಾರು ಹಾಡಿದರು, ಯಾರು ಏನು ನುಡಿಸಿದರು ಎಂಬ ಪುಟವನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ಮನೆಯ ಹಿರಿಯಳಾಗಿ ನೀನೇ ತುಂಬು. ಹಿಸಾರ್‌ಗೂ ಸಮಾಧಾನವಾಗಲಿ.

ಒಂದೇ ಕೋರಿಕೆ. ಈಗ ಬಂದಿರುವುದನ್ನು ಇನ್ನು ಹಾಕಿಸಬೇಡ. ಅದರಲ್ಲೂ ಹೆಡ್‌ಫೋನ್ ಹಾಕಿಕೊಂಡು ಕೇಳಬೇಡ. ನಮ್ಮ ವಯಸ್ಸಿನ ಕಿವಿಗೆ ಅದು ಒಳ್ಳೆಯದಲ್ಲ.

ನಿನ್ನ ತಮ್ಮ,
ಮನಹಾನ್

*

ಸಿಯಾಂತಾರ್, 6 ಮೇ 2024

ಮನಹಾನ್,

ಎಪ್ಪತ್ತಾರು ವರ್ಷದ ನನಗೆ ಏನು ಮಾಡಬೇಡ ಎಂದು ಹೇಳುವವರು ಯಾರೂ ಇಲ್ಲದ್ದರಿಂದ, ನಿನ್ನ ಕಾಗದ ಓದಿದ ಮಧ್ಯಾಹ್ನವೇ ಮುತಿಹಾಳ ಹೆಡ್‌ಫೋನ್ ಹಾಕಿಕೊಂಡೆ. ಎಂಜಿನಿಯರನಿಗೆ ತಪ್ಪುಗಳ ಪಟ್ಟಿ ಕಳುಹಿಸೋಣವೆಂದು ಪೆನ್ಸಿಲ್ ಹಿಡಿದು ಕುಳಿತಿದ್ದೆ. ಎಷ್ಟನೆಯ ನಿಮಿಷದಲ್ಲಿ ಧ್ವನಿ ಕೆಟ್ಟಿದೆ ಎಂದು ಗುರುತು ಹಾಕಬೇಕಿತ್ತು.

ಮೊದಲ ಚರಣ ಮುಗಿದಾಗ ಪಟ್ಟಿಯಲ್ಲಿ ಏನೂ ಇರಲಿಲ್ಲ. ಮತ್ತೆ ಕೇಳಿದೆ. ಆಮೇಲೆ ಐದನೆಯ ಹಾಡು ಹಾಕಿ ಕೇಳಿದೆ. ಮತ್ತೆ ಆರನೆಯದು.

ಒಂದೇ ಪ್ರಶ್ನೆ. ಅಪ್ಪ ಚರ್ಚಿನ ಗಾಯನಕ್ಕೆ ನಮ್ಮಿಬ್ಬರನ್ನು ತಯಾರು ಮಾಡುವಾಗ ಬೆನ್ನ ಮೇಲೆ ಅಂಗೈಯಿಟ್ಟು, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ಹೇಳಿಕೊಟ್ಟಿದ್ದರು? ಆ ಪಾಠ ಸಬುಂಗನ್‌ಗೆ ಯಾರು ಹೇಳಿಕೊಟ್ಟರು?

ಉತ್ತರ ಬರೆ.

ಲಾಮ್ರಿಯಾ

*

ರಾಟರ್‌ಡ್ಯಾಮ್, 30 ಮೇ 2024

ಅಕ್ಕ,

ಸಾಲಿನ ಕೊನೆಯಲ್ಲಿ ಅಲ್ಲ, ಸಾಲಿನ ನಡುವೆ. ಬಾಯಿಯಿಂದ ಅಲ್ಲ, ಮೂಗಿನಿಂದ. "ಸಾಲು ಮುಗಿದ ಮೇಲೆ ಊರೆಲ್ಲ ಉಸಿರೆಳೀತದೆ. ನೀವೂ ಆಗ್ಲೇ ಎಳೆದ್ರೆ ಹಾಡು ಅಲ್ಲೇ ಮುರಿದುಬೀಳತ್ತೆ," ಎನ್ನುತ್ತಿದ್ದರು. ಸಬುಂಗನ್‌ಗೆ ಯಾರೂ ಹೇಳಿಕೊಡಲಿಲ್ಲ. ಅವನು ಮೂಟೆ ಎತ್ತುವವನಂತೆ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಐದನೆಯ ಹಾಡಿನಲ್ಲಿ ನಿನಗೆ ಕೇಳಿಸಿರಬೇಕು.

ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದಿನಲ್ಲಿ ಉಸಿರು ಮುಳುಗಿಹೋಗಿತ್ತು. ನಲವತ್ತೊಂಬತ್ತು ವರ್ಷ ಅದು ನನ್ನನ್ನು ಕಾಪಾಡಿತು. ಈ ಹೊಸ ಕಡತದಲ್ಲಿ ಏನನ್ನೂ ಎಸೆದಿಲ್ಲ ಎಂದು ಎಂಜಿನಿಯರ್ ಹೇಳಿದಾಗಲೇ ನನಗೆ ಭಯವಾಯಿತು. ಬೇರೆ ಯಾರಿಗೂ ತಿಳಿಯದು, ನಿನಗೆ ತಿಳಿಯುತ್ತದೆ ಎಂದುಕೊಂಡೆ. ಅದಕ್ಕೇ ಕೊಡುವುದಿಲ್ಲ ಎಂದೆ.

ಸ್ಟುಡಿಯೋ ಎರಡೇ ದಿನಕ್ಕೆ ಸಿಕ್ಕಿತ್ತು. ಹಿಂದಿನ ವಾರವೆಲ್ಲ ಮದುವೆಗಳಲ್ಲಿ ಹಾಡಿ ಸಬುಂಗನ್‌ನ ಗಂಟಲು ಒಡೆದಿತ್ತು. ಐದು ಹಾಡು ಹೇಗೋ ಆಯಿತು. ಆರನೆಯದರ ಮೇಲಿನ ಸ್ವರಕ್ಕೆ ಅವನಿಂದ ಆಗಲಿಲ್ಲ. ಹನ್ನೊಂದು ಸಲ ಪ್ರಯತ್ನಿಸಿದ. ಕೊನೆಗೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದ: "ಭಾವಮೈದ, ಇವತ್ತೊಂದು ದಿನ ನಿನ್ನ ಗಂಟಲು ಕೊಡು. ನಿನ್ನ ಅಕ್ಕನ ಮುಂದೆ ಸೋತು ಹೋಗಿ ನಿಲ್ಲೋಕೆ ನನ್ನಿಂದಾಗಲ್ಲ." ಹೆಣ್ಣು ತೆಗೆದುಕೊಂಡವರು ಕೇಳಿದ್ದಕ್ಕೆ ತವರಿನವರು ಇಲ್ಲ ಎನ್ನಬಾರದು ಎಂದು ಅಪ್ಪ ಕಲಿಸಿದ್ದರು. ಹಾಡಿದೆ. ಉಳಿದ ಎರಡನ್ನು ಮರುದಿನ ಬೆಳಿಗ್ಗೆ ಅವನೇ ಹಾಡಿದ.

ಹಾಡು ಅಷ್ಟು ಹೆಸರು ಮಾಡುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಆದ ಮೇಲೆ ಹಿಂದಿರುಗಲು ದಾರಿಯೇ ಉಳಿಯಲಿಲ್ಲ. ಟೇಪನ್ನು ನಾನು ಕದಿಯಲಿಲ್ಲ. ಅವನೇ ನನ್ನ ಪೆಟ್ಟಿಗೆಯಲ್ಲಿಟ್ಟ, ದೂರ ತೆಗೆದುಕೊಂಡು ಹೋಗು ಎಂದ. ಯಾರ ಮುಂದೆಯೂ ಹಾಡುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಇಲ್ಲಿ ನಮ್ಮವರದೇ ಚರ್ಚಿದೆ. ಪ್ರತಿ ಭಾನುವಾರ ಪುಸ್ತಕ ಹಿಡಿದು ಪುಟ ತಿರುವುತ್ತೇನೆ, ಬಾಯಿ ತೆರೆಯುವುದಿಲ್ಲ. ನಮ್ಮ ಬಾತಾಕ್ ಜನಾಂಗದಲ್ಲಿ ಹುಟ್ಟಿ ಹಾಡು ಬರದವನು ಇವನೊಬ್ಬನೇ ಎಂದು ಮಕ್ಕಳು ನಗುತ್ತಾರೆ. ಅಭ್ಯಾಸವಾಗಿದೆ.

ಸಬುಂಗನ್ ಸತ್ತಾಗ ಸೊಂಟದ ಚಿಕಿತ್ಸೆ ಆಗಿ ಏಳು ತಿಂಗಳಾಗಿತ್ತು. ಬರಬಹುದಿತ್ತು. ಬಂದಿದ್ದರೆ ಮೂರನೆಯ ಕಲ್ಲು ನೀನು, ಅವನ ಹಾಡು ನೀನು ಹಾಡು ಎಂದು ಸಾವಿನ ಮನೆಯಲ್ಲಿ ಎಲ್ಲರೂ ಹಿಡಿದು ನಿಲ್ಲಿಸುತ್ತಿದ್ದರು. ನಮ್ಮವರು ಬಿಡುವವರಲ್ಲ. ಬಾಯಿ ತೆರೆದರೆ ಅವನ ಹೆಣದ ಮುಂದೆಯೇ ಎಲ್ಲ ಬಯಲಾಗುತ್ತಿತ್ತು. ನಿನ್ನ ಹೆಗಲಿಗೆ ಶಾಲು ಹೊದಿಸುವುದೋ, ಅವನ ಮಾನ ಉಳಿಸುವುದೋ ಎಂದು ಯೋಚಿಸಿದೆ. ತಪ್ಪು ಲೆಕ್ಕ ಹಾಕಿದೆನೋ ಏನೋ.

ಈಗ ನಿನಗೆ ಗೊತ್ತಾಯಿತು. ಇಲ್ಲಿಗೆ ಸಾಕು. ಖಾಲಿ ಪುಟದಲ್ಲಿ ಸಬುಂಗನ್ ಹೆಸರನ್ನೇ ಬರೆ. ಬೇರೆ ಹೆಸರು ಬರೆದರೆ ನನ್ನ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡು ಟೇಪನ್ನು ತರಿಸಿಕೊಳ್ಳುತ್ತೇನೆ. ಆಗಸ್ಟ್ 31ರ ಸಂಜೆಯವರೆಗೆ ಆ ಹಕ್ಕು ನನಗಿದೆ ಎಂದು ಕರಾರಿನಲ್ಲಿದೆ. ಇದೊಂದು ವಿಷಯದಲ್ಲಿ ನಾನೂ ನಿನ್ನ ತಮ್ಮನೇ, ಹಟದವನು.

ಮನಹಾನ್

*

ರಾಟರ್‌ಡ್ಯಾಮ್, 22 ಜುಲೈ 2024

ಅಕ್ಕ,

ಏಳು ವಾರಗಳಾದವು. ನಿನ್ನಿಂದ ಕಾಗದವಿಲ್ಲ. ಹಿಸಾರ್‌ಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಪುಟದಲ್ಲಿ ಏನು ಬರೆದೆ? ಒಂದು ಸಾಲು ಬರೆದು ತಿಳಿಸು. ಬೈದರೂ ಸರಿ.

ಮನಹಾನ್

*

ಸಿಯಾಂತಾರ್, 1 ಸೆಪ್ಟೆಂಬರ್ 2024

ಇತೋ,

ಅಕ್ಕ ತಮ್ಮನನ್ನು ಕರೆಯಬೇಕಾದ ಹಾಗೆ ಕರೆದು ಈ ಕಾಗದ ಶುರು ಮಾಡಿದ್ದೇನೆ, ಗಮನಿಸು.

ನಿನ್ನ ಎರಡು ಕಾಗದಗಳೂ ತಲುಪಿದ್ದವು. ಬೇಕೆಂದೇ ಬರೆಯಲಿಲ್ಲ.

ಮೊದಲು ಹಿಸಾರ್‌ನನ್ನು ಕೂರಿಸಿಕೊಂಡು ಹೇಳಿದೆ. ಹಾಡನ್ನೂ ಕೇಳಿಸಿದೆ. ಅವನ ಮುಖದ ಬಣ್ಣ ಹೋಯಿತು. ಆಮೇಲೆ ಅಂದ: "ಅಮ್ಮಾ, ಅಪ್ಪನ ಧ್ವನಿ ಅಂತ ಊರೇ ನಂಬಿದೆ. ನಂಬ್ಕೊಂಡಿರ್ಲಿ ಬಿಡು. ಮಾವನೇ ಬೇಡ ಅಂತಿದ್ದಾನಲ್ಲ. ಅವನಿಗೇನು ನಷ್ಟ?"

"ನಷ್ಟ ಎಷ್ಟು ಅಂತ ಅವನನ್ನ ಕೇಳ್ಬೇಡ," ಎಂದೆ. "ಚರ್ಚಲ್ಲಿ ಅವನ ಪಕ್ಕ ಕೂತೋರನ್ನ ಕೇಳು."

"ಅಕ್ಟೋಬರಿನಲ್ಲಿ ನಾನು ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ಇರೋ ಮುಖ ಇಟ್ಕೊಂಡು ನಿಲ್ಲು. ಸಾಲ್ದಿದ್ರೆ ನಿಲ್ಬೇಡ."

ಹೆಣ್ಣು ಕೊಟ್ಟ ಮನೆಯನ್ನು ದೇವರಂತೆ ಕಾಣಬೇಕು ಎಂದು ಐವತ್ತು ವರ್ಷಗಳಿಂದ ಈ ಊರಿನ ಸೊಸೆಯರಿಗೆ, ಅಳಿಯಂದಿರಿಗೆ ಬುದ್ಧಿ ಹೇಳಿಕೊಂಡು ಬಂದವಳು ನಾನು. ಮಾವನಿಗೆ ತಟ್ಟೆ ಕೊಡುವಾಗ ಎಡಗೈ ತಾಗಿಸಿದ ಹುಡುಗನನ್ನು ಪಂಕ್ತಿಯಿಂದ ಎಬ್ಬಿಸಿದ್ದೇನೆ. ಅಷ್ಟು ಕಾಲವೂ ನನ್ನ ಮನೆಯೇ ತವರಿನವನ ಕಂಠವನ್ನು ತಂದು ಹೊದ್ದುಕೊಂಡಿತ್ತು. ಕಚೇರಿಗಳಲ್ಲಿ ಆ ಹಾಡು ಬಂದಾಗಲೆಲ್ಲ ಸಬುಂಗನ್ ಮೇಲಿನ ಸ್ವರಕ್ಕೆ ಮೈಕನ್ನು ಜನರ ಕಡೆ ಚಾಚುತ್ತಿದ್ದ. ಜನರೇ ಹಾಡುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದು ನಾನು ಮುಂದಿನ ಸಾಲಿನಲ್ಲಿ ಕುಳಿತು ಬೀಗುತ್ತಿದ್ದೆ. ಅವನ ಮೇಲಿನ ಕೋಪ ನನ್ನದು. ಅದನ್ನು ನಿನಗೆ ಬರೆಯುವುದಿಲ್ಲ.

ಆಗಸ್ಟ್ 18ರ ಭಾನುವಾರ ಕುಲದವರನ್ನೆಲ್ಲ ಅಂಗಡಿಗೆ ಕರೆಸಿದೆ. ಹಂದಿ ಕಡಿಸಿದೆ. ತವರಿನವರು ಕೂರುವ ಮೇಲಿನ ಚಾಪೆಯಲ್ಲಿ, ನಿನ್ನ ಜಾಗದಲ್ಲಿ, ಮುತಿಹಾಳ ಸ್ಪೀಕರ್ ಪೆಟ್ಟಿಗೆ ಇಡಿಸಿದೆ. ತವರಿಗೆ ಸಲ್ಲಬೇಕಾದ ಮಾಂಸದ ತಟ್ಟೆಯನ್ನು ಅದರ ಮುಂದೆ ನಾನೇ ಇಟ್ಟೆ. ಜಾಲಿನ್‌ಗೆ ನಗು ತಡೆಯಲಾಗಲಿಲ್ಲ. "ಓಪ್ಪು, ಪೆಟ್ಟಿಗೆ ಹಂದಿಮಾಂಸ ತಿನ್ನತ್ತಾ?" ಎಂದ. ಎಲ್ಲರೂ ನಕ್ಕರು.

"ಮೊದ್ಲು ಅದು ಹಾಡ್ಲಿ. ಆಮೇಲೆ ನೀನು ನಗು," ಎಂದೆ.

ನಿಧಾನ ಮಾಡದ, ಏನನ್ನೂ ಎಸೆಯದ ಹಾಡನ್ನೇ ಹಾಕಿಸಿದೆ. ಇದು ನನ್ನ ತಮ್ಮ ಮನಹಾನ್ ಸಿನಾಗಾನ ಕಂಠ ಎಂದು ಮುಂಚೆಯೇ ಹೇಳಿದ್ದೆ, ಆದ್ದರಿಂದ ಯಾರೂ ಅದನ್ನು ಸಬುಂಗನ್‌ನ ಧ್ವನಿ ಎಂದುಕೊಂಡು ಕೇಳಲಿಲ್ಲ. ಎರಡನೆಯ ಚರಣದ ನಡುವೆ ನೀನು ಉಸಿರೆಳೆಯುವ ಕಡೆ ನಾನು ಕೈಯೆತ್ತಿ ತೋರಿಸಿದೆ. ಅಪ್ಪನ ಬಳಿ ಕಲಿತವರಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಮೂಲೆಮನೆಯ ತಿಯೋಮ್ಸಿ ಒಬ್ಬಳೇ ಉಳಿದಿದ್ದಾಳೆ, ಎಂಬತ್ತೊಂದು ವರ್ಷ. ಅವಳು ತಲೆಯಾಡಿಸಿದಳು. ಹಾಡು ಮುಗಿದ ಮೇಲೆ ಜಾಲಿನ್ ನಗಲಿಲ್ಲ. ಚಾಪೆಯ ಮುಂದೆ ಹೋಗಿ ತಟ್ಟೆಯನ್ನು ಎರಡೂ ಕೈಯಿಂದ ಸರಿಮಾಡಿ ಬಂದ.

ಆಮೇಲೆ ತಂಪುಬೋಲೋನ್ ಮನೆಯ ಪರವಾಗಿ ನನ್ನ ಮಕ್ಕಳು ಆ ಚಾಪೆಗೆ ತಲೆಬಾಗಬೇಕಿತ್ತು. ಕಿರಿಯರಿಬ್ಬರು ಬಾಗಿದರು. ಹಿಸಾರ್ ಬಾಗಿಲಲ್ಲಿ ನಿಂತಿದ್ದ. ನಾನು ಅವನನ್ನು ಕರೆಯಲಿಲ್ಲ. ಅವನು ಬಾಗಲಿಲ್ಲ, ಹೊರಟುಹೋದ. ಅಧ್ಯಕ್ಷತೆಯಿಂದ ಹೆಸರು ಹಿಂತೆಗೆದುಕೊಂಡಿದ್ದಾನೆ ಎಂದು ಬೇರೆಯವರಿಂದ ತಿಳಿಯಿತು. ಎರಡು ಭಾನುವಾರಗಳಿಂದ ಅಂಗಡಿಗೆ ಬಂದಿಲ್ಲ. ಅವನ ಲೋಟವನ್ನು ತೊಳೆದು ಮಗುಚಿಟ್ಟಿದ್ದೇನೆ. ಬಂದರೆ ಕಾಫಿ ಕೊಡುತ್ತೇನೆ, ಬರದಿದ್ದರೆ ಹುಡುಕಿಕೊಂಡು ಹೋಗುವುದಿಲ್ಲ. ಅವನು ನನ್ನ ಮಗ. ಹೀಗೆ ಎಷ್ಟು ದಿನ ಎಂದು ನನಗೂ ಗೊತ್ತಿಲ್ಲ.

ನೀನು ಸಬುಂಗನ್‌ಗೆ ಮಾತು ಕೊಟ್ಟಿದ್ದೆ, ಅದನ್ನು ನಡೆಸಿದೆ. ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ನಿನ್ನ ಇಷ್ಟವೇನೆಂದು ನನಗೆ ಗೊತ್ತಿತ್ತು, ಕೇಳಲಿಲ್ಲ. ನೀನೂ ಅಂದು ಹಾಡುವ ಮೊದಲು ನನ್ನನ್ನು ಕೇಳಲಿಲ್ಲ.

ಖಾಲಿ ಪುಟವನ್ನು ಆಗಸ್ಟ್ 19ರಂದು ತುಂಬಿದೆ. ಏಳು ಹಾಡುಗಳ ಎದುರು ಸಬುಂಗನ್ ತಂಪುಬೋಲೋನ್. ಆರನೆಯದರ ಎದುರು ಮನಹಾನ್ ಸಿನಾಗಾ. ಟೇಪು ಅದರ ನಿಜವಾದ ವೇಗದಲ್ಲೇ ಓಡಲಿ ಎಂದು ಕೆಳಗೆ ಬರೆದು ಸಹಿ ಹಾಕಿ, ಮುತಿಹಾಳ ಕೈಯಲ್ಲೇ ಜಕಾರ್ತಾಗೆ ಕಳುಹಿಸಿದೆ. ನಿನ್ನೆ ಸಂಜೆ ಐದಕ್ಕೆ ನಿನ್ನ ಗಡುವು ಮುಗಿಯಿತು. ಇವತ್ತು ಬೆಳಿಗ್ಗೆ ಹೊದಿಕೆಗಳು ಅಚ್ಚಾಗಿವೆ ಎಂದು ಕಂಪನಿಯಿಂದ ಸುದ್ದಿ ಬಂತು. ಅದು ಬಂದ ಮೇಲೆ ಈ ಕಾಗದ ಬರೆಯಲು ಕುಳಿತೆ.

ನಿನ್ನ ಅಕ್ಕ,
ಲಾಮ್ರಿಯಾ